ಏಳು ನೆಗಡಿ ಮಾತ್ರೆಗಳು ಮತ್ತು ಅಪ್ಪ

ಅಪ್ಪನಿಗೆ ಮೊದಲು ಬಂದದ್ದು ಬರೀ ಸೀನು.

ಒಂದರ ಹಿಂದೆ ಒಂದು ಏಳೆಂಟು ಸೀನು. ಆಮೇಲೆ ಮೂಗು ಕಟ್ಟಿತು, ತಲೆ ಭಾರವಾಯಿತು, ಮೈಕೈ ನೋವು. ಯಾರಿಗಾದರೂ ಬರುವಂಥದ್ದೇ. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು, ಟೌನ್‌ಶಿಪ್ಪಿನ ಅರ್ಧ ಜನ ಮೂಗೊರೆಸಿಕೊಳ್ಳುತ್ತಿದ್ದರು. ಅಂಥ ಒಂದು ಜುಜುಬಿ ನೆಗಡಿ ನಮ್ಮ ಮನೆಯ ಹದಿನಾರು ದಿನಗಳನ್ನು ನುಂಗಿತು. ಅದರಲ್ಲಿ ನೆಗಡಿಯ ಪಾಲು ಬಹಳ ಕಡಿಮೆ. ಉಳಿದದ್ದೆಲ್ಲ ನಾವೇ ಮಾಡಿಕೊಂಡದ್ದು. ಅದಕ್ಕೇ ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಅಪ್ಪ ವಿಜಯವಾಡದ ಹತ್ತಿರ, ಇಬ್ರಾಹಿಂಪಟ್ನಂ ಥರ್ಮಲ್ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್. ಬಾಗಲಕೋಟೆ ಕಡೆಯಿಂದ ಇಲ್ಲಿಗೆ ಬಂದು ಇಪ್ಪತ್ತೆಂಟು ವರ್ಷ. ನಾನು ಹುಟ್ಟಿ ಬೆಳೆದದ್ದು ಇಲ್ಲಿನ ಕ್ವಾರ್ಟರ್ಸಿನಲ್ಲಿ. ಹೊಸ್ತಿಲಾಚೆ ಎಲ್ಲ ತೆಲುಗು, ಒಳಗೆ ಮಾತ್ರ ಅವ್ವ ಬಾಗಲಕೋಟೆಯ ಮಾತು ಬಿಟ್ಟುಕೊಟ್ಟಿಲ್ಲ. ಬಿ.ಫಾರ್ಮ್ ಓದಲು ಬೆಳಗಾವಿಯ ಚಿಕ್ಕವ್ವನ ಮನೆಯಲ್ಲಿ ನಾಲ್ಕು ವರ್ಷ ಇದ್ದುದರಿಂದ ನನಗೆ ಕನ್ನಡ ಬರೆಯಲು ಬರುತ್ತದೆ. ಈಗ ವಿಶಾಖಪಟ್ಟಣದ ಒಂದು ಔಷಧ ಕಂಪನಿಯಲ್ಲಿ, ಕ್ವಾಲಿಟಿ ಕಂಟ್ರೋಲ್ ಲ್ಯಾಬಿನಲ್ಲಿ ಕೆಲಸ. ಮಾತ್ರೆಯ ಮೇಲೆ ಏನು ಬರೆದಿದೆಯೋ ಅದು ಒಳಗೂ ಅಷ್ಟೇ ಇದೆಯೇ ಎಂದು ಅಳೆಯುವುದು ನನ್ನ ದಿನದ ಕೆಲಸ. ಬೇರೆ ಯಾರ ಮನೆಯಲ್ಲಿ ಆದರೂ ನಮ್ಮ ಮನೆಯಲ್ಲಿ ಇದು ಆಗಬಾರದಿತ್ತು.

ಪ್ರತಿ ಭಾನುವಾರ ಸಂಜೆ ಮನೆಗೆ ಫೋನ್ ಮಾಡುತ್ತೇನೆ. ಆ ಭಾನುವಾರ ಅಪ್ಪನ ದನಿ ಮೂಗಿನಲ್ಲೇ ಸಿಕ್ಕಿಕೊಂಡಿತ್ತು. ಏನು ಔಷಧ ತಗೊಂಡೆ ಎಂದು ಕೇಳಿದೆ. ಮೂಗಿನದು ಒಂದು, ತಲೆಯದು ಒಂದು, ಮೈನೋವಿನದು ಒಂದು, ಗಂಟಲಿನದು ಒಂದು ಎಂದ. ಹೀಗೆ ದಿನಕ್ಕೆ ಎರಡು ಸಲ, ನಿನ್ನೆಯಿಂದ.

ನನಗೆ ಕೂಡಲೇ ಆ ಡಬ್ಬಿ ಕಣ್ಣೆದುರು ಬಂತು.

ಅದೊಂದು ಹಳೆಯ ಬಿಸ್ಕತ್ತಿನ ಡಬ್ಬಿ. ಫ್ರಿಜ್ಜಿನ ಮೇಲಿರುತ್ತದೆ. ಅದರೊಳಗೆ ನಾಲ್ಕು ಕಂದು ಕಾಗದದ ಕವರು, ಒಂದೊಂದರ ಮೇಲೂ ಅಪ್ಪನ ದುಂಡನೆ ಅಕ್ಷರದಲ್ಲಿ ಮೂಗು, ತಲಿ, ಮೈ, ಗಂಟಲ ಎಂದು ಬರೆದಿದೆ. ಟೌನ್‌ಶಿಪ್ ಗೇಟಿನ ಹೊರಗಿನ ಮೆಡಿಕಲ್ ಶಾಪಿನಲ್ಲಿ ಯಾರೂ ಪೂರ್ತಿ ಸ್ಟ್ರಿಪ್ ಕೊಳ್ಳುವುದಿಲ್ಲ. ಎರಡು ಕೊಡಿ, ನಾಲ್ಕು ಕೊಡಿ ಎನ್ನುತ್ತಾರೆ. ಅವನು ಕತ್ತರಿ ತೆಗೆದು ಕಚಕ್ ಎಂದು ತುಂಡು ಮಾಡಿ ಕೊಡುತ್ತಾನೆ. ಹೆಸರು ಒಂದು ತುಂಡಿಗೆ ಹೋದರೆ, ಒಳಗೇನಿದೆ ಎಂಬ ಪಟ್ಟಿ ಇನ್ನೊಂದಕ್ಕೆ, ತಾರೀಕು ಮೂರನೆಯದಕ್ಕೆ. ತಿಂದು ಉಳಿದದ್ದನ್ನು ಅಪ್ಪ ಎಸೆಯುವುದಿಲ್ಲ. ಯಾವ ಅಂಗಕ್ಕೆಂದು ಕೊಟ್ಟಿದ್ದರೋ ಆ ಕವರಿಗೆ ಹಾಕಿಡುತ್ತಾನೆ. ವರ್ಷಗಳಿಂದ ಹೀಗೇ ನಡೆದಿದೆ. ಅಕ್ಕಪಕ್ಕದವರೂ ಬಂದು, ಸಾರ್, ಒಂದು ತಲೆನೋವಿನದ್ದು ಇದೆಯೇ ಎಂದು ಕೇಳಿ ಒಯ್ಯುತ್ತಾರೆ. ಅಪ್ಪನಿಗೆ ಅದೊಂದು ಹೆಮ್ಮೆ.

ನಾಲ್ಕೂ ಒಂದೇ ಇರಬಹುದಲ್ಲ ಎಂದು ಸಿಡುಕಿದೆ.

"ಒಂದಽ ಹೆಂಗ ಆಗತಾವ?" ಎಂದ ಅಪ್ಪ. "ಲೈನ್ ಬ್ಯಾರೆ, ಫಾಲ್ಟ್ ಬ್ಯಾರೆ. ಒಂದಽ ಫ್ಯೂಸ್ ಎಲ್ಲಾ ಕಡೆ ಹಾಕಾಕ ಆಗತೈತೇನು?"

ಅವ್ವನಿಗೆ ಫೋನ್ ಕೊಡಿಸಿ, ಭೂತಗನ್ನಡಿ ತರಿಸಿ, ತುಂಡುಗಳನ್ನು ಒಂದೊಂದಾಗಿ ಓದಿಸಿದೆ. ಒಂದರಲ್ಲಿ ಬರೀ ಅರ್ಧ ಹೆಸರು. ಒಂದರಲ್ಲಿ ಸಿಕ್ಕಿದ್ದು ಕಂಪನಿಯ ವಿಳಾಸದ ಪಿನ್‌ಕೋಡ್. ಮೂರರ ಮೇಲೆ ಮಾತ್ರ ಪ್ಯಾರಾಸಿಟಮಾಲ್ ಎಂದು ಓದಲು ಬಂತು. ಅಂದರೆ ಜ್ವರದ ಒಂದೇ ಔಷಧವನ್ನು ಅಪ್ಪ ತಲೆಗೊಂದು ಮೈಗೊಂದು ಮೂಗಿಗೊಂದು ಎಂದು ಒಂದೇ ಸಲಕ್ಕೆ ಮೂರು ಪಟ್ಟು ತಿನ್ನುತ್ತಿದ್ದ. ಹೆಚ್ಚಾದರೆ ಅದು ಲಿವರ್ ಕೆಡಿಸುತ್ತದೆ. ಓದುವಾಗ ಕಲಿತದ್ದೆಲ್ಲ ನೆನಪಾಯಿತು.

ಪ್ಲಾಂಟಿನಲ್ಲಿ ಟ್ಯಾಗ್ ಇಲ್ಲದ ಒಂದು ಸ್ವಿಚ್ ಕೂಡ ಈ ಮನುಷ್ಯ ಮುಟ್ಟುವುದಿಲ್ಲ. ಪರ್ಮಿಟ್ ಬರೆದು, ಸಹಿ ಹಾಕಿಸಿ, ಕೆಂಪು ಚೀಟಿ ಕಟ್ಟಿದ ಮೇಲೆಯೇ ಪ್ಯಾನೆಲ್ ಬಾಗಿಲು ತೆಗೆಯುವುದು. ಇದೇ ನಿಯಮ ಮೀರಿದ ಹುಡುಗರನ್ನು ಎಷ್ಟು ಬೈದಿದ್ದಾನೋ ಲೆಕ್ಕವಿಲ್ಲ. ಮನೆಗೆ ಬಂದರೆ ಹೆಸರೇ ಇಲ್ಲದ ಮಾತ್ರೆಯನ್ನು ನೀರಿನ ಜೊತೆ ಗುಟುಕ್ ಎನಿಸುತ್ತಾನೆ. ಇದನ್ನು ಫೋನಿನಲ್ಲೇ ಹೇಳಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, ಹಂಗಾರ ಯಾವ್ದು ತಗೋಬೇಕು ನೀನಽ ಹೇಳು ಎಂದ.

ನನಗೆ ಬೇಕಾದದ್ದೂ ಅದೇ.

ಮರುದಿನ ಡ್ಯೂಟಿ ಮುಗಿಸಿ ನಾನಿರುವ ಹಾಸ್ಟೆಲಿನ ರಸ್ತೆಯ ಮೂರು ಮೆಡಿಕಲ್ ಶಾಪು ಸುತ್ತಿದೆ. ಬಂದರಿನ ಕಡೆಯಿಂದ ಬರುವ ಲಾರಿಗಳ ಧೂಳಿಗೆ ಆ ರಸ್ತೆಯಲ್ಲಿ ಎಲ್ಲರಿಗೂ ವರ್ಷವಿಡೀ ನೆಗಡಿ, ಹಾಗಾಗಿ ಮಾತ್ರೆಗಳಿಗೆ ಬರವಿಲ್ಲ. ನೆಗಡಿಗೆ ಇರುವುದೆಲ್ಲ ಒಂದೊಂದು ಪೂರ್ತಿ ಸ್ಟ್ರಿಪ್ ಕೊಡಿ, ಕತ್ತರಿಸಬೇಡಿ ಎಂದೆ. ಮೊದಲ ಅಂಗಡಿಯವನು ಗಾಬರಿಯಾಗಿ, ಇನ್‌ಸ್ಪೆಕ್ಷನ್ನಾ ಮೇಡಂ ಗಾರು ಎಂದು ಕೇಳಿ ಕುರ್ಚಿ ಕೊಟ್ಟ. ಎರಡನೆಯವನು ನನಗೇ ನೆಗಡಿ ಎಂದು ತಿಳಿದು, ಇವೆಲ್ಲ ಬೇಡ, ಇದು ಪವರ್‌ಫುಲ್ ಎಂದು ಇನ್ನೊಂದನ್ನು ಮುಂದೆ ಮಾಡಿದ. ಒಟ್ಟು ಏಳು ಬಗೆ ಸಿಕ್ಕವು.

ಹಾಸ್ಟೆಲಿನ ಮಂಚದ ಮೇಲೆ ಏಳನ್ನೂ ಹರವಿಕೊಂಡು ಒಂದು ಕೋಷ್ಟಕ ಬರೆದೆ. ಬರೆಯುತ್ತ ಬರೆಯುತ್ತ ತಲೆ ಕೆಟ್ಟುಹೋಯಿತು. ಏಳು ಹೆಸರು, ಏಳು ಬಣ್ಣ, ಒಳಗೆ ನೋಡಿದರೆ ತಿರುಗಿಸಿ ಮುರುಗಿಸಿ ಅವೇ ನಾಲ್ಕೈದು ಔಷಧ. ಜ್ವರ ನೋವಿಗೆ ಪ್ಯಾರಾಸಿಟಮಾಲ್, ಆರರಲ್ಲಿ ಇತ್ತು. ಸೀನಿಗೆ, ಸುರಿಯುವ ಮೂಗಿಗೆ ಕ್ಲೋರ್‌ಫೆನಿರಮಿನ್, ಐದರಲ್ಲಿ. ಇನ್ನೊಂದರಲ್ಲಿ ಅದರ ಬದಲು ಸೆಟ್ರಿಜಿನ್. ಕಟ್ಟಿದ ಮೂಗಿಗೆ ಒಂದರಲ್ಲಿ ಫೀನೈಲ್‌ಪ್ರೊಪನೊಲಮೀನ್, ಒಂದರಲ್ಲಿ ಸೂಡೊಎಫೆಡ್ರಿನ್, ಮತ್ತೊಂದರಲ್ಲಿ ಫೀನೈಲೆಫ್ರಿನ್, ಹೆಸರು ಮೂರಾದರೂ ಮಾಡುವ ಕೆಲಸ ಒಂದೇ. ಎರಡರಲ್ಲಿ ಕೆಫೀನ್, ಅಂದರೆ ಕಾಫಿಯಲ್ಲಿರುವುದೇ. ಇನ್ನೂ ಒಂದು ಅನ್ಯಾಯ ಕೇಳಿ. ಒಂದೇ ಕಂಪನಿಯ, ಒಂದೇ ಹೆಸರಿನ ಎರಡು ಸ್ಟ್ರಿಪ್. ಒಂದರ ಬಾಲಕ್ಕೆ ಪ್ಲಸ್ ಎಂದಿತ್ತು, ಅಷ್ಟೇ. ಆ ಒಂದು ಪ್ಲಸ್ಸಿಗೆ ಒಳಗಿನ ಎರಡು ಔಷಧವೇ ಬೇರೆ. ಕೊಳ್ಳುವವನು ಕೇಳುವುದು ಹೆಸರನ್ನು, ಕೊಡುವವನು ಕೊಡುವುದು ಕೈಗೆ ಸಿಕ್ಕಿದ್ದನ್ನು. ಹಿಂದೆ ಬರೆದ ಅಕ್ಷರಗಳೋ ಇರುವೆ ಸಾಲಿಗಿಂತ ಸಣ್ಣವು.

ಆದರೂ ಕೋಷ್ಟಕ ಚೆನ್ನಾಗಿ ಬಂತು. ಲ್ಯಾಬಿನ ರಿಪೋರ್ಟಿಗಿಂತ ಅಚ್ಚುಕಟ್ಟು. ಅಡ್ಡ ಏಳು ಸಾಲು, ಉದ್ದ ಐದು ಕಾಲಂ. ಎಲ್ಲವನ್ನೂ ತೂಗಿ ನೋಡಿ, ಪ್ರಮಾಣ ಹಿತಮಿತವಾಗಿದ್ದ, ಎಲ್ಲ ತೊಂದರೆಗೂ ಆಗಿಬರುವ ಹಸಿರು ಸ್ಟ್ರಿಪ್ ಒಂದನ್ನು ಆರಿಸಿದೆ. ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್, ಮೂಗು ಬಿಡಿಸುವ ಔಷಧ, ಮೂರೂ ಅದರಲ್ಲೇ ಇತ್ತು.

ಮಂಗಳವಾರ ಬೆಳಿಗ್ಗೆ ಫೋನ್ ಮಾಡಿ ಅಪ್ಪನಿಗೆ ಬರೆಸಿದೆ. ಡಬ್ಬಿ ಮುಟ್ಟಬೇಡ. ಈ ಹೆಸರಿನ ಪೂರ್ತಿ ಸ್ಟ್ರಿಪ್ ತರಿಸು. ದಿನಕ್ಕೆ ಮೂರು, ಊಟ ಆದ ಮೇಲೆ, ಮೂರು ದಿನ. ಬೇರೆ ಏನನ್ನೂ ಸೇರಿಸಬೇಡ. ಅಪ್ಪ ಹೂಂ ಹೂಂ ಎಂದು ಬರೆದುಕೊಂಡ, ಒಮ್ಮೆ ತಿರುಗಿ ಓದಿ ತೋರಿಸಿದ. ಹೀಗೆ ಕ್ರಮವಾಗಿ ಹೇಳಿದರೆ ಅವನಿಗೆ ಖುಷಿ. ಕೊನೆಗೆ ನಾನು, ಬಿ.ಪಿ. ಇಲ್ಲ ತಾನೇ, ಶುಗರ್ ಇಲ್ಲ ತಾನೇ, ಬೇರೆ ಏನಾದರೂ ತ್ರಾಸು ಇದೆಯೇ ಎಂದು ಫಾರ್ಮ್ ತುಂಬುವವಳ ಹಾಗೆ ಕೇಳಿದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಏನಿಲ್ಲ ಬಿಡು ಎಂದ.

ಆ ಸ್ವಲ್ಪ ಹೊತ್ತನ್ನು ನಾನು ಗಮನಿಸಿದ್ದೆ. ಡ್ಯೂಟಿಗೆ ತಡವಾಗುತ್ತಿತ್ತು, ಫೋನಿಟ್ಟೆ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಲ್ಯಾಬಿನಿಂದ ರಿಸೆಪ್ಷನ್‌ಗೆ ಕರೆದರು. ಒಳಗೆ ಮೊಬೈಲ್ ಬಿಡುವುದಿಲ್ಲ, ಮನೆಯವರು ಅಲ್ಲಿಗೇ ಫೋನ್ ಮಾಡಬೇಕು. ಅವ್ವ. ಹಿಂದೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

"ನಿಮ್ಮಪ್ಪನ್ನ ವಿಜಯವಾಡಕ್ಕ ಕರಕೊಂಡ ಬಂದೀನಿ. ನೀ ಬಾ."

ಏನಾಯಿತು ಎಂದರೆ ಹೇಳಲಿಲ್ಲ. ಜ್ವರವೇ, ವಾಂತಿಯೇ, ಕಣ್ಣು ಹಳದಿಯಾಗಿವೆಯೇ, ಎಲ್ಲಕ್ಕೂ ಒಂದೇ ಉತ್ತರ, ನೀ ಬಾ. ಮಧ್ಯಾಹ್ನದ ರೈಲು ಹಿಡಿದೆ. ಆರು ಗಂಟೆಗೂ ಮಿಕ್ಕಿದ ದಾರಿ. ಶನಿವಾರದಿಂದ ಅಪ್ಪ ತಿಂದಿರಬಹುದಾದ ಪ್ಯಾರಾಸಿಟಮಾಲನ್ನು ಡೈರಿಯಲ್ಲಿ ಮಿಲಿಗ್ರಾಂ ಮಿಲಿಗ್ರಾಂ ಕೂಡಿಸುತ್ತ ಕುಳಿತೆ. ಲಿವರ್ ಕೆಡುವಷ್ಟು ಆಗುತ್ತಿರಲಿಲ್ಲ. ಮತ್ತೆ ಕೂಡಿಸಿದೆ. ಎದುರು ಕುಳಿತ ಹೆಂಗಸು ಪರೀಕ್ಷೆಯೇನಮ್ಮ ಎಂದು ಕೇಳಿದಳು. ಹೌದು ಎಂದೆ. ರಾಜಮಂಡ್ರಿಯ ಸೇತುವೆ ಬಂದಾಗ ಎಲ್ಲರೂ ಗೋದಾವರಿಗೆ ಕೈಮುಗಿದರು, ನಾನೂ ಮುಗಿದೆ. ಲಿವರ್ ಒಂದು ಉಳಿಸು ಎಂದು ಬೇಡಿಕೊಂಡೆ.

ಸಂಜೆ ವಾರ್ಡಿಗೆ ಹೋದಾಗ ಅಪ್ಪ ಮಲಗಿದ್ದ. ಕಣ್ಣು ಹಳದಿಯಾಗಿರಲಿಲ್ಲ. ಹೊದಿಕೆಯ ಕೆಳಗಿನಿಂದ ಒಂದು ರಬ್ಬರಿನ ನಳಿಗೆ ಹೊರಬಂದು ಮಂಚದ ಪಕ್ಕ ನೇತುಬಿದ್ದ ಚೀಲಕ್ಕೆ ಇಳಿದಿತ್ತು. ಚೀಲ ಅರ್ಧ ತುಂಬಿತ್ತು.

ಲಿವರ್ ಅಲ್ಲ. ಮೂತ್ರ.

ಬೆಳಿಗ್ಗೆ ಐದರಿಂದ ಅಪ್ಪನಿಗೆ ಮೂತ್ರ ಹೋಗಿರಲಿಲ್ಲ. ಒಂದು ಹನಿ ಕೂಡ. ಬಚ್ಚಲಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಎಂಟು ಗಂಟೆಗೆ ಹೊಟ್ಟೆ ಕೆಳಗೆ ಕಲ್ಲಾಗಿತ್ತು. ಬೆವರು ಸುರಿಸುತ್ತ ಗೋಡೆ ಹಿಡಿದು ನಿಂತವನನ್ನು ಅವ್ವ ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ಬಂದಿದ್ದಳು. ಆ ನಳಿಗೆ, ಅಂದರೆ ಕ್ಯಾಥೆಟರ್, ಹಾಕಿದ ಕೂಡಲೇ ಲೀಟರಿಗೆ ತುಸು ಕಡಿಮೆ ಬಂತಂತೆ.

ಯುರಾಲಜಿಸ್ಟ್ ರೌಂಡ್ಸಿಗೆ ಬಂದರು. ನಲವತ್ತು ದಾಟಿರದ, ಮೆಲ್ಲಗೆ ಮಾತಾಡುವ ಮನುಷ್ಯ. ನೆಗಡಿಗೆ ಏನು ಕೊಟ್ಟಿದ್ದಿರಿ ಎಂದರು. ನಾನು ಬ್ಯಾಗಿನಿಂದ ಕೋಷ್ಟಕ ತೆಗೆದು ಕೊಟ್ಟೆ. ನನ್ನ ಕೆಲಸ ಏನೆಂದೂ ಹೇಳಿದೆ. ಹೇಳಬಾರದಿತ್ತು. ಅವರು ನಿಧಾನವಾಗಿ ಓದಿ, ಬಹಳ ಚೆನ್ನಾಗಿ ಮಾಡಿದ್ದೀರಿ ಎಂದರು. ಆಮೇಲೆ ವಿವರಿಸಿದರು. ಸೀನು ನಿಲ್ಲಿಸುವ ಕ್ಲೋರ್‌ಫೆನಿರಮಿನ್ ಮೂತ್ರಕೋಶ ಹಿಂಡಿಕೊಳ್ಳುವ ಬಲವನ್ನೂ ತಗ್ಗಿಸುತ್ತದೆ. ಮೂಗು ಬಿಡಿಸುವ ಔಷಧ ಮೂತ್ರ ಹೊರಬರುವ ದಾರಿಯ ಸ್ನಾಯುವನ್ನೂ ಬಿಗಿ ಮಾಡುತ್ತದೆ. ಸರಿಯಿರುವವರಿಗೆ ತಿಳಿಯುವುದೇ ಇಲ್ಲ. ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೊದಲೇ ದಾರಿ ಒತ್ತಿದ್ದರೆ ಪೂರ್ತಿ ಬಂದ್.

"ಮೂತ್ರದ ತೊಂದರೆ ಇದೆಯೇ ಎಂದು ಕೇಳಿದ್ದಿರಾ?" ಎಂದರು ತೆಲುಗಿನಲ್ಲಿ.

ಇಲ್ಲ.

ಅದು ನನಗೆ ಗೊತ್ತಿರದ ವಿಷಯವಲ್ಲ. ಫಾರ್ಮಕಾಲಜಿ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೇನೆ. ಲಿವರ್, ಲಿವರ್ ಎಂದು ಅದೊಂದನ್ನೇ ಹಿಡಿದುಕೊಂಡು ಕುಳಿತಿದ್ದೆ. ಏಳು ಮಾತ್ರೆಗಳ ಒಳಗೆ ಏನಿದೆ ಎಂದು ನೋಡಿದವಳು ಅಪ್ಪನ ಒಳಗೆ ಏನಿದೆ ಎಂದು ನೋಡಲಿಲ್ಲ. ಐದು ಕಾಲಂ ಎಳೆದಿದ್ದೆ, ಯಾರು ತಿನ್ನಬಾರದು ಎಂಬ ಆರನೆಯದನ್ನು ಎಳೆಯಲಿಲ್ಲ.

ಆಮೇಲೆ ಡಾಕ್ಟರು ಪರದೆ ಎಳೆದು ಅಪ್ಪನನ್ನು ಪರೀಕ್ಷಿಸಿದರು. ನಾನೂ ಅವ್ವನೂ ಹೊರಗೆ ನಿಂತೆವು. ಒಳಗೆ ಅಪ್ಪ ತೆಲುಗಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. ಎರಡು ವರ್ಷದಿಂದ ಹೀಗೇ ಇದೆ. ಧಾರೆ ಸಣ್ಣ. ಶುರುವಾಗಲು ನಿಂತು ಕಾಯಬೇಕು. ರಾತ್ರಿ ನಾಲ್ಕು ಸಲ ಏಳುತ್ತೇನೆ. ಶಿಫ್ಟಿನಲ್ಲಿ ದೂರದ ಟಾಯ್ಲೆಟ್ಟಿಗೆ ಹೋಗುತ್ತೇನೆ, ಯಾರಾದರೂ ಪಕ್ಕ ನಿಂತಿದ್ದರೆ ಬರುವುದೇ ಇಲ್ಲ. ಎಲ್ಲವನ್ನೂ ಒಂದೊಂದಾಗಿ, ಬ್ರೇಕರ್ ಕೆಟ್ಟದ್ದನ್ನು ವರದಿ ಮಾಡುವವನ ಹಾಗೆ ಹೇಳಿದ. ತೆಲುಗು ಅವನಿಗೆ ಡ್ಯೂಟಿಯ ಭಾಷೆ. ಅದರಲ್ಲಿ ಏನನ್ನೂ ಹೇಳಬಲ್ಲ. ಇದೇ ಮಾತನ್ನು ಮನೆಯ ಕನ್ನಡದಲ್ಲಿ ಮಗಳ ಮುಂದೆ ಹೇಳಬೇಕಾಗಿದ್ದರೆ ಅಪ್ಪ ಪ್ರಾಣ ಬಿಡುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ.

ಅವ್ವನ ಕಡೆ ತಿರುಗಿದೆ. ನಿನಗೆ ಗೊತ್ತಿತ್ತೇ ಎಂದೆ. ಅವಳಿಗೆ ಎಲ್ಲ ಗೊತ್ತಿತ್ತು. ಹಾಗಾದರೆ ನನಗ್ಯಾಕೆ ಹೇಳಲಿಲ್ಲ ಎಂದು ರೇಗಿದೆ.

"ಗಂಡಸರ ತ್ರಾಸು ಮಗಳ ಮುಂದ ಹೆಂಗ ಹೇಳ್ಲೆವಾ?" ಎಂದಳು ಅವ್ವ. "ಮತ್ತ ನೆಗಡಿಗೂ ಒಂದಕ್ಕ ಹೋಗೂದಕ್ಕೂ ಏನ ಸಂಬಂಧ ಅಂತ ನಂಗೇನ ಗೊತ್ತು? ಓದಿದಾಕಿ ನೀನು."



ಶನಿವಾರ ಕ್ಯಾಥೆಟರ್ ಸಮೇತ ಮನೆಗೆ ಕಳಿಸಿದರು. ಪ್ರಾಸ್ಟೇಟಿನ ಮಾತ್ರೆ ಶುರುವಾಗಿತ್ತು. ಸೋಮವಾರ ನಳಿಗೆ ತೆಗೆದು ನೋಡುತ್ತೇವೆ, ತಾನಾಗಿ ಹೋದರೆ ಸರಿ ಎಂದಿದ್ದರು. ಹೋಗದಿದ್ದರೆ ಇನ್ನೊಂದು ವಾರ, ಆಗಲೂ ಆಗದಿದ್ದರೆ ಆಪರೇಷನ್. ಅಪ್ಪನಿಗೆ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಚೀಲ ಕಟ್ಟಿಕೊಂಡು ಪ್ಲಾಂಟಿಗೆ ಹೋಗುವುದು ಹೇಗೆ, ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಹೇಳುವುದು ಹೇಗೆ, ಅದೇ ಅವನ ಚಿಂತೆ. ನಳಿಗೆ ಇಲ್ಲದೆ ಅಪ್ಪನಿಗೆ ಮೂತ್ರ ಹೋಗುತ್ತದೆಯೋ ಇಲ್ಲವೋ, ನಮ್ಮ ಮೂವರ ಪ್ರಪಂಚ ಅಷ್ಟಕ್ಕೆ ಇಳಿದಿತ್ತು.

ಸೋಮವಾರ ಬೆಳಿಗ್ಗೆ ಏಳಕ್ಕೆ ವಿಜಯವಾಡದಲ್ಲಿ ನಳಿಗೆ ತೆಗೆದರು. ನೀರು ಕುಡಿಸಿದರು. ಅಪ್ಪ ವಾರ್ಡಿನ ಉದ್ದಕ್ಕೂ ನಡೆದ. ನಲ್ಲಿ ಬಿಟ್ಟು ಸದ್ದು ಕೇಳಿಸಿಕೊಂಡು ನಿಂತ. ಒಂಬತ್ತಾಯಿತು, ಹತ್ತಾಯಿತು. ಹನ್ನೊಂದರ ಹೊತ್ತಿಗೆ ಮುಖ ಬಿಳಿಚಿಕೊಂಡಿತು. ಹನ್ನೆರಡಕ್ಕೆ ನರ್ಸ್ ಬಂದು ಹೊಟ್ಟೆ ಮುಟ್ಟಿ ನೋಡಿ ಡಾಕ್ಟರನ್ನು ಕರೆದಳು.

ನಳಿಗೆ ಮತ್ತೆ ಒಳಗೆ ಹೋಯಿತು.

ಪರದೆ ಸರಿಸಿದ ಮೇಲೆ ನಾನು ಮಂಚದ ಹತ್ತಿರ ಹೋಗಿ ನಿಂತೆ. ಅಪ್ಪ ಛಾವಣಿ ನೋಡುತ್ತಿದ್ದ. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ.

"ನೀ ಹೇಳಿದ್ದಽ ತಗೊಂಡ್ನಿ, ಶೈಲಾ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾರಿಡಾರಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಅತ್ತೆ.

ಆ ವಾರ ಮನೆಯಲ್ಲಿ ಕಳೆದದ್ದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. ನಾನು ರಜೆ ಬೆಳೆಸಿದೆ. ನಳಿಗೆಯ ದೆಸೆಯಿಂದ ಅಪ್ಪನಿಗೆ ಆಗಾಗ ಕೆಳಹೊಟ್ಟೆ ಹಿಂಡಿ ಉರಿಯೇಳುತ್ತಿತ್ತು. ಆಗ ಮಂಚದ ಕಟ್ಟು ಹಿಡಿದು ಕಣ್ಣು ಮುಚ್ಚುತ್ತಿದ್ದ. ಚೀಲ ಖಾಲಿ ಮಾಡುವುದು, ಅಳೆಯುವುದು ಅವ್ವನ ಕೆಲಸ. ನಾನು ಕೋಣೆಗೆ ಕಾಲಿಟ್ಟರೆ ಅಪ್ಪ ಚೀಲದ ಮೇಲೆ ಟವೆಲು ಎಳೆಯುತ್ತಿದ್ದ. ನೋಡಲು ಬರುವವರದು ಇನ್ನೊಂದು ಕಾಟ. ನೆಗಡಿ ಜ್ವರ ಎಂದು ಹೇಳಿದ್ದೆವು. ಬಂದವರೆಲ್ಲ ಮಂಚದ ಬುಡದಲ್ಲಿ ಕುಳಿತು ಹೋಗಲೊಲ್ಲರು. ಅಪ್ಪನ ಜೊತೆ ಕೆಲಸ ಮಾಡುವ ಸತ್ಯನಾರಾಯಣ ಎಂಬುವವರು ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು, ಏಳುವಾಗ ಅಂಗಿಯ ಜೇಬಿನಿಂದ ಎರಡು ಮಾತ್ರೆಯ ಒಂದು ತುಂಡು ಸ್ಟ್ರಿಪ್ ತೆಗೆದು, ನೆಗಡಿಗೆ ಇದು ಮ್ಯಾಜಿಕ್ ಸಾರ್ ಎಂದು ಅಪ್ಪನ ಕೈಗೆ ಹಾಕಿದರು.

ನಾನು ಹಾರಿ ಕಸಿದುಕೊಂಡೆ.

ಪಾಪ, ಅವರು ಬೆಚ್ಚಿಬಿದ್ದರು. ಮಗಳಿಗೆ ಏನೋ ಆಗಿದೆ ಎಂದುಕೊಂಡು ಹೊರಟರು. ಅವರು ಗೇಟು ದಾಟಿದ ಮೇಲೆ ಅಪ್ಪನಿಗೆ ನಗು ಬಂತು. ನಕ್ಕರೆ ನಳಿಗೆ ನೋಯುತ್ತದೆ. ಅಯ್ಯೋ ಅಯ್ಯೋ ಎನ್ನುತ್ತ ನಕ್ಕ. ಆ ತುಂಡಿನ ಹಿಂದೆ ನೋಡಿದೆ. ಅರ್ಧ ಅಕ್ಷರಗಳೇ ಇದ್ದರೂ ಗುರುತು ಸಿಕ್ಕಿತು. ನನ್ನ ಪಟ್ಟಿಯ ಮೂರನೆಯದು.

ಗುರುವಾರ ಅವ್ವ ಪಕ್ಕದ ಮನೆಯ ಪೂಜೆಗೆ ಹೋಗಿದ್ದಳು. ಚೀಲ ತುಂಬುತ್ತ ಬಂದಿತ್ತು, ಅವಳು ಬರಲಿಲ್ಲ. ನಾನು ಜಗ್ಗು ತಗೊಂಡು ಕೋಣೆಗೆ ಹೋದೆ. ಅಪ್ಪ, ಅವ್ವ ಬರತಾಳ ಬಿಡು ಎಂದ. ಬರುವ ತನಕ ಅದು ಕಾಯುವುದಿಲ್ಲ ಎಂದೆ. ನನ್ನ ದನಿ ಒರಟಾಗಿತ್ತು. ಅಪ್ಪ ಗೋಡೆ ಕಡೆ ತಿರುಗಿದ. ನಾನು ನೆಲಕ್ಕೆ ಕುಳಿತು ಚೀಲದ ಬಿರಡೆ ತೆಗೆದೆ. ಜಗ್ಗಿಗೆ ಬೀಳುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಅಷ್ಟೂ ದಿನದ ಸಿಟ್ಟು ಅಲ್ಲೇ ಬಂತು. ಎರಡು ವರ್ಷ ಮುಚ್ಚಿಟ್ಟದ್ದು ನೀನು ಎಂದೆ. ಕೇಳದೇ ಕೊಟ್ಟದ್ದು ನಾನು, ನನ್ನ ತಪ್ಪು ನಾನು ಒಪ್ಪುತ್ತೇನೆ. ನಿನ್ನ ತಪ್ಪು ನೀನು ಒಪ್ಪು. ಲ್ಯಾಬಿನಲ್ಲಿ ದಿನಾ ಯಾರ್ಯಾರದೋ ಮಾತ್ರೆ ಅಳೆಯುತ್ತೇನೆ, ನಿನ್ನದು ಅಳೆಯಲು ನನಗೆ ಅಸಹ್ಯವಿಲ್ಲ, ನೋವಾಗುವುದು ನೀನು ಮುಖ ತಿರುಗಿಸುವುದಕ್ಕೆ ಎಂದೆ.

ನಾನು ಬಿರಡೆ ಹಾಕಿ ಎದ್ದೆ.

"ಎಷ್ಟಾತು?" ಎಂದ, ಗೋಡೆಗೇ.

ಆರುನೂರಾ ಐವತ್ತು ಎಂ.ಎಲ್. ಎಂದೆ.

"ಟೈಮ್ ಬರದಿ?"

ಬರೆದಿರಲಿಲ್ಲ. ಟೈಮ್ ಇಲ್ಲದ ರೀಡಿಂಗ್ ರೀಡಿಂಗೇ ಅಲ್ಲ ಎಂದು ತಿರುಗಿ ಮಲಗಿ ಬೈದ. ತನ್ನ ಹಳೆಯ ಲಾಗ್‌ಬುಕ್ ಒಂದನ್ನು ಕಪಾಟಿನಿಂದ ತೆಗೆಸಿ, ಖಾಲಿ ಹಾಳೆಯಲ್ಲಿ ಗೆರೆ ಹೊಡೆಸಿದ. ಅವತ್ತಿನಿಂದ ಚೀಲದ ಕೆಲಸಕ್ಕೆ ಶಿಫ್ಟ್ ಹಾಕಿಕೊಂಡೆವು, ನಾನೊಂದು, ಅವ್ವ ಒಂದು. ಟವೆಲು ಅದರ ಪಾಡಿಗೆ ಗೂಟಕ್ಕೆ ಹೋಯಿತು.

ಶನಿವಾರ ಅವನೇ ಡಬ್ಬಿ ತರಲು ಹೇಳಿದ. ನಾಲ್ಕು ಕವರನ್ನೂ ಹಾಸಿಗೆಯ ಮೇಲೆ ಸುರಿದೆವು. ನನ್ನ ಕೋಷ್ಟಕಕ್ಕೆ ಆರನೆಯ ಕಾಲಂ ಎಳೆದು, ಕೆಂಪು ಪೆನ್ನಿನಲ್ಲಿ ಅಪ್ಪನಿಗೆ ಆಗದ್ದಕ್ಕೆಲ್ಲ ಗುರುತು ಹಾಕಿದೆ. ಏಳಕ್ಕೆ ಏಳೂ ಕೆಂಪಾದವು. ಸೆಟ್ರಿಜಿನ್ ಇದ್ದದ್ದರಲ್ಲೂ ಮೂಗು ಬಿಡಿಸುವ ಔಷಧ ಸೇರಿಸಿದ್ದರು. ಅಪ್ಪ ಕನ್ನಡಕ ಸರಿಮಾಡಿಕೊಂಡು ಪಟ್ಟಿ ನೋಡಿದ. ಹಂಗಾರ ನಂಗ ನೆಗಡಿ ಬಂದ್ರ ಏನ ತಗೋಬೇಕು ಎಂದ. ಜ್ವರ ಇದ್ದರೆ ಬರೀ ಪ್ಯಾರಾಸಿಟಮಾಲ್, ಮೂಗಿಗೆ ಬಿಸಿನೀರಿನ ಹಬೆ, ಅಷ್ಟೇ, ಉಳಿದದ್ದಕ್ಕೆ ಡಾಕ್ಟರನ್ನು ಕೇಳು ಎಂದೆ.

"ಏಳು ಸ್ಟ್ರಿಪ್ ತಂದು ಕಡೀಗೆ ಬಿಸಿನೀರು," ಎಂದ ಅಪ್ಪ.

ತುಂಡುಗಳನ್ನೆಲ್ಲ ಅವ್ವ ಎಸೆಯಲೆಂದು ಒಂದು ಕೈಚೀಲಕ್ಕೆ ತುಂಬಿದಳು. ಡಬ್ಬಿ ತೊಳೆದು ಸೂಜಿದಾರ ಹಾಕಿಕೊಂಡಳು.

ಸೋಮವಾರ ಮತ್ತೆ ವಿಜಯವಾಡ. ಕೊಂಡಪಲ್ಲಿ ಕಡೆಯ ಲಾರಿಗಳ ಹಿಂದೆ ಆಟೋ ತೆವಳುತ್ತಿತ್ತು. ಅಪ್ಪ ಲಾಗ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಇವತ್ತು ಆಗದಿದ್ದರೆ ಆಪರೇಷನ್‌ಗೆ ತಾರೀಕು ಕೊಡುತ್ತಾರೆ, ಅದು ಮೂವರಿಗೂ ಗೊತ್ತಿತ್ತು.

ಏಳೂಕಾಲಿಗೆ ನಳಿಗೆ ತೆಗೆದರು. ನರ್ಸ್ ಒಂದು ಅಳತೆಯ ಜಗ್ಗು ಕೊಟ್ಟು, ಬಂದರೆ ಇದರಲ್ಲಿ ಹಿಡಿದು ಎಷ್ಟೆಂದು ಹೇಳಿ ಎಂದಳು. ನೀರು, ನಡಿಗೆ, ನಲ್ಲಿಯ ಸದ್ದು, ಎಲ್ಲ ಹೋದ ಸಲದ ಹಾಗೇ. ಎಂಟೂವರೆಗೆ ಅಪ್ಪ ಬಚ್ಚಲಿಗೆ ಹೋಗಿ ಹಾಗೇ ಬಂದ. ಒಂಬತ್ತೂವರೆಗೆ ಹೋಗಿ ಹಾಗೇ ಬಂದ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕುಳಿತಿದ್ದಳು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಕತ್ತರಿ ಹಿಡಿದ ಅಂಗಡಿಯವನ ಮೇಲೆ, ಇರುವೆ ಸಾಲು ಅಚ್ಚುಹಾಕುವ ಕಂಪನಿಗಳ ಮೇಲೆ, ಅಂಥದೇ ಕಂಪನಿಯಲ್ಲಿ ಸಂಬಳ ತಗೊಳ್ಳುವ ನನ್ನ ಮೇಲೆ. ಎಲ್ಲರ ಮೇಲೂ ಮಾಡಿ ಮುಗಿಸಿದ್ದೆ.

ಹತ್ತೂಕಾಲಿಗೆ ಅಪ್ಪ ಮೂರನೆಯ ಸಲ ಎದ್ದ. ಬಾಗಿಲು ಹಾಕಿಕೊಂಡ. ನಾನು ಹೊರಗೆ ಲಾಗ್‌ಬುಕ್ ತೆರೆದು ನಿಂತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಜಗ್ಗಿನ ತಳಕ್ಕೆ ಏನೋ ತಟತಟ ಬಿದ್ದಂತಾಯಿತು. ನಿಂತಿತು. ಮತ್ತೆ ಬಿತ್ತು. ಈ ಸಲ ನಿಲ್ಲಲಿಲ್ಲ. ಅವ್ವ ಕುರ್ಚಿಯಿಂದ ಎದ್ದಿದ್ದಳು.

ಬಾಗಿಲಿನ ಆಚೆಯಿಂದ ಅಪ್ಪನ ದನಿ ಬಂತು. ಕಂಟ್ರೋಲ್ ರೂಮಿಗೆ ಮೀಟರ್ ಓದಿ ಹೇಳುವ ದನಿ. ಕನ್ನಡದಲ್ಲಿ.

"ನೂರಾ ಎಂಬತ್ತು. ಹತ್ತು ಇಪ್ಪತ್ತೆರಡು."

ಕಣ್ಣು ಮಂಜಾಗಿ ಗೆರೆ ಕಾಣಲಿಲ್ಲ. ಹೇಗೋ ಬರೆದೆ. ಬರೆದು ಮುಗಿಸುವಷ್ಟರಲ್ಲಿ ಮತ್ತೆ ಕೂಗಿದ.

"ಶೈಲಾ, ತಡಿ. ಬರೀಬ್ಯಾಡ. ಇನ್ನೂ ಬರಾಕತ್ತೇತಿ."

ಬರೆದದ್ದನ್ನು ಹೊಡೆದುಹಾಕಿ ಕಾದೆ.